ಅರಗು ಹಚ್ಚಿದ ಬೋಲ್ಟು

1937ರ ಚಳಿಗಾಲದ ಒಂದು ಭಾನುವಾರ, ಚನ್ನಪಟ್ಟಣದ ನಮ್ಮ ಮನೆಯಂಗಳದಲ್ಲಿ, ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಸ್ಪ್ರಿಂಗುಗಳನ್ನು ಹಿಡಿದಿಡುವ ಬೋಲ್ಟುಗಳನ್ನು ಅಣ್ಣನೂ ನಾನೂ ಬದಲಾಯಿಸಿದೆವು. ಮರುದಿನ ಅವ್ವನನ್ನು ಮಾಗಡಿಗೆ ಕರೆದೊಯ್ಯಬೇಕಿತ್ತು. ಅಲ್ಲಿ ಅವಳ ತಂಗಿ ಹಾಸಿಗೆ ಹಿಡಿದಿದ್ದಳು.

ಬೋಲ್ಟು ತೂರುವ ಸ್ಪ್ರಿಂಗಿನ ಕಣ್ಣು ಸವೆದು ಅಗಲವಾಗಿತ್ತು. ಕಮ್ಮಾರ ಮಾಡಿಕೊಟ್ಟ ಹೊಸ ಬೋಲ್ಟು ಅದರೊಳಗೆ ಲೊಡಲೊಡ ಅಲ್ಲಾಡುತ್ತಿತ್ತು. ಅಣ್ಣ ಬೊಂಬೆ ಕಡೆಯುವವನು. ಬೊಂಬೆಗೆ ಬಳಸುವ ಆಲೆ ಮರದ ತುಂಡನ್ನು ಬಳೆಯಂತೆ ಕಡೆದು ಕಣ್ಣಿಗೆ ತೂರಿಸಿ, ಅದರೊಳಗೆ ಬೋಲ್ಟು ಹಾಕಿ, ಕರಗಿಸಿದ ಕೆಂಪು ಅರಗು ಸುರಿದ. ನಟ್ಟಿನ ಮೇಲೂ ಬಳಿದ. ಆರಿದ ಮೇಲೆ ಇಕ್ಕಳದಿಂದ ತಿರುಗಿಸಿ ನೋಡಿದೆ. ಕದಲಲಿಲ್ಲ.

“ನನ್ ಅರಗು ಕಣ್ಲಾ. ನಿನ್ ಮೊಮ್ಮಕ್ಕಳ ಕಾಲಕ್ಕೂ ಇರ್ತೈತೆ,” ಎಂದ ಅಣ್ಣ.

ಮರುದಿನ ಬೆಳಿಗ್ಗೆ ಹೊರಟೆವು. ಅವ್ವ ಮೋಟಾರ್ ಸೈಕಲ್ ಹತ್ತಿದ್ದು ಅದೇ ಮೊದಲು. ಈಗಿನ ರಾಮನಗರ ದಾಟುವವರೆಗೆ ಕಣ್ಣು ಮುಚ್ಚಿ ನನ್ನ ಸೊಂಟ ಹಿಡಿದಿದ್ದಳು. ಮುಂದೆ ಬಂಡೆಗುಡ್ಡದ ಇಳಿಜಾರು. ಎಡಕ್ಕೆ ಕಂದರ.

“ಲೋ, ನಿಮ್ಮಣ್ಣ ಹಿಂದೇನೆ ಬತ್ತಾವ್ನೇನೋ? ಅವನ ಅರಗಿನ ವಾಸ್ನೆ ಬತ್ತೈತೆ.”

ನನಗೂ ಬಂತು. ಹೊಗೆ ಹೋಗುವ ಕೊಳವೆ ಬಲಗಡೆಯ ಬೋಲ್ಟಿನ ಪಕ್ಕದಲ್ಲೇ ಹಾದುಹೋಗುತ್ತದೆ. ಕಾಯ್ದರೆ ಅರಗು ಕರಗುತ್ತದೆ. ಬೊಂಬೆಗೆ ಬಣ್ಣ ಹತ್ತುವುದೇ ಹಾಗೆ. ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತು. ಕೊಳವೆಯನ್ನು ಮಾತ್ರ ಇಬ್ಬರೂ ಮರೆತಿದ್ದೆವು.

ಹಿಂದಿನ ಚಕ್ರ ಒಂದು ಕಡೆಗೆ ಎಳೆಯತೊಡಗಿತು. ಬೋಲ್ಟು ಕಳಚಿದರೆ ಚಕ್ರ ಚೌಕಟ್ಟಿಗೆ ಸಿಕ್ಕಿಬೀಳುತ್ತಿತ್ತು. ಬ್ರೇಕು ಒತ್ತಲು ಧೈರ್ಯವಿಲ್ಲ, ಒತ್ತದಿರಲೂ ಇಲ್ಲ.

“ಅಲ್ಲಾಡ್ಬೇಡ, ಅವ್ವ.”

“ನಾನೆಲ್ಲಿ ಅಲ್ಲಾಡ್ತಿವ್ನಿ? ನಿನ್ ಗಾಡಿ ಅಲ್ಲಾಡ್ತೈತೆ!”

ಹಿಂದೆ ಟಣ್ಣೆಂದು ಕಬ್ಬಿಣ ಕಲ್ಲಿಗೆ ಬಿದ್ದ ಸದ್ದು. ನಟ್ಟು. ಎಂಜಿನ್ ನಿಲ್ಲಿಸಿ, ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿಯುತ್ತ, ಕಂದರಕ್ಕೆ ಬೆನ್ನು ಮಾಡಿ ಬಲಗಡೆಯ ಮಣ್ಣಿನ ದಿಬ್ಬಕ್ಕೆ ಗಾಡಿ ತಿರುಗಿಸಿದೆ. ದಿಬ್ಬಕ್ಕೆ ಒರಗಿ ನಿಂತಿತು.

ಬೋಲ್ಟು ಅರ್ಧಕ್ಕೂ ಹೆಚ್ಚು ಹೊರಬಂದಿತ್ತು. ಅದರ ತುದಿಯಿಂದ ಕೆಂಪು ಅರಗು ಎಳೆ ಎಳೆಯಾಗಿ ಇಳಿಯುತ್ತಿತ್ತು. ಅವ್ವ ಇಳಿದಳು, ಎರಡು ಹೆಜ್ಜೆ ಇಟ್ಟು ನೆಲದ ಮೇಲೆ ಕುಕ್ಕರಿಸಿದಳು. ನನಗೆ ಹ್ಯಾಂಡಲಿನಿಂದ ಕೈ ಬಿಡಿಸಿಕೊಳ್ಳಲಾಗಲಿಲ್ಲ.

“ನಿಮ್ಮಣ್ಣನ್ ಕೈಗೆ ಬೊಂಬೆ ಕೊಡು,” ಎಂದಳು ಅವ್ವ. “ನನ್ ಪ್ರಾಣ ಕೊಡಬ್ಯಾಡ.”

ಹುಲ್ಲು ಹೇರಿಕೊಂಡು ಮಾಗಡಿ ಕಡೆಗೆ ಹೊರಟಿದ್ದ ಎತ್ತಿನ ಗಾಡಿಯೊಂದು ಬಂತು. ಅವ್ವ ಹುಲ್ಲಿನ ಮೇಲೆ ಕೂತು ಹೋದಳು. ಸಂಜೆ ಹೊತ್ತಿಗೆ ತಂಗಿಯ ಮನೆ ಸೇರಿದಳು. ಚಿಕ್ಕವ್ವ ಅವಳ ಗುರುತು ಹಿಡಿದು ಮಾತಾಡಿದಳಂತೆ.

ಬೋಲ್ಟಿಗೆ ಆಮೇಲೆ ಕಬ್ಬಿಣದ ಬಳೆ ಹಾಕಿಸಿ, ನಟ್ಟು ಬೀಳದಂತೆ ಪಿನ್ನು ಹೊಡೆಸಿದೆವು. ಅವ್ವ ಚನ್ನಪಟ್ಟಣಕ್ಕೆ ವಾಪಸು ಬಂದದ್ದು ಎತ್ತಿನ ಗಾಡಿಯಲ್ಲಿ.