ಮೀನಿನ ಗುರುತಿನ ಕ್ಯಾಮರಾ

ನಾವುಂದದ ಪದ್ದಕ್ಕ ಮೂಗು ಮುರಿದರೆ ಗಂಗೊಳ್ಳಿ ಬಂದರಿನ ಮಂಜುಗಡ್ಡೆ ಹೆದರಿ ಕರಗುತ್ತದೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಹೊರಗಿನಿಂದ ಬಂದ ಮೀನಿನ ಲಾರಿಯೊಂದು ಅವಳ ಮುಖ ಕಂಡದ್ದೇ, ಹಿಂಬಾಗಿಲನ್ನೂ ತೆರೆಯದೆ, ಬಂದ ದಾರಿಯಲ್ಲೇ ತಿರುಗಿ ಹೋದದ್ದನ್ನು ಕಣ್ಣಾರೆ ಕಂಡವರಿದ್ದರು. ಅವರಲ್ಲಿ ಒಬ್ಬರೂ ಈಗ ಬದುಕಿಲ್ಲ, ಅದು ಬೇರೆ ವಿಷಯ.

ಮನುಷ್ಯರಿಗೆ ಒಂದೊಂದು ಬಗೆಯ ಹಸಿವು ಇರುವಂತೆ ಪದ್ದಕ್ಕನಿಗೆ ಇದ್ದದ್ದು ಹೇಸಿಗೆ. ಪ್ಯಾಕೆಟ್ ಮಸಾಲೆ ಕಂಡರೆ ಹೇಸಿಗೆ, ತೊಳೆಯದ ತಕ್ಕಡಿ ಕಂಡರೆ ಹೇಸಿಗೆ, ನಿನ್ನೆಯ ಮೀನನ್ನು ಇವತ್ತಿನದು ಎಂದು ನಗುತ್ತಾ ಮಾರುವವರ ಹಲ್ಲು ಕಂಡರೂ ಹೇಸಿಗೆ. ಅವಳ ಗಂಡ ಬದುಕಿದ್ದಾಗ ದಿನಕ್ಕೆರಡು ಸಲ ಮೀಯುತ್ತಿದ್ದದ್ದು ಶುಚಿತ್ವದಿಂದ ಅಲ್ಲ, ಭಯದಿಂದ.

ಅವಳ ಕಸುಬು ಎಲ್ಲರಿಗೂ ಗೊತ್ತಿರುವಂಥದ್ದೇ. ಬೆಳಿಗ್ಗೆ ಬಂದರಿಗೆ ಹೋಗಿ, ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೀನಿನ ಕಿವಿ, ಅಂದರೆ ಕಿವಿರಿನ ಮುಚ್ಚಳ, ಎತ್ತಿ ಒಳಗೆ ನೋಡುವುದು. ಒಳಗೆ ದಾಸವಾಳದ ಕೆಂಪಿದ್ದರೆ ತಾಜಾ, ಬೆಲ್ಲದ ಬಣ್ಣಕ್ಕೆ ತಿರುಗಿದ್ದರೆ ಹಳತು. ಇದು ಈ ಕರಾವಳಿಯಲ್ಲಿ ಬೆಕ್ಕುಗಳಿಗೂ ಗೊತ್ತು. ಆದರೆ ಗೊತ್ತಿದ್ದವರೆಲ್ಲ ಆ ಲೋಳೆಯೊಳಗೆ ಬೆರಳು ಹಾಕುವುದಿಲ್ಲ. ವಂಡ್ಸೆ, ಸಿದ್ದಾಪುರದ ಕಡೆಯ ಮನೆಗಳಿಗೆ ಅವಳು ಬಸ್ಸಿನಲ್ಲಿ ಮೀನು ಕಳಿಸುತ್ತಿದ್ದಳು. ಕಳಿಸಿ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದಳು: “ನಾನ್ ಕಂಡ್ ಮೀನ್.” ಅಂದರೆ ನಾನು ಕಣ್ಣಲ್ಲಿ ಕಂಡ, ಬೆರಳು ಹಾಕಿ ಕಂಡ ಮೀನು. ಅಷ್ಟು ಹೇಳಿದ ಮೇಲೆ ಯಾರೂ ಚೀಲ ಬಿಚ್ಚಿ ಮೂಸುತ್ತಿರಲಿಲ್ಲ. ಮೀನು ಸರಿಯಿಲ್ಲದ ದಿನ ಅವಳೇ ಫೋನ್ ಮಾಡಿ ಬೇಳೆ ಸಾರು ಮಾಡಲು ಹೇಳುತ್ತಿದ್ದಳು. ವಂಡ್ಸೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವರ ಮನೆಯ ಸುಗುಣಮ್ಮ ಅವಳ ಎಲ್ಲರಿಗಿಂತ ಹಳೆಯ ಗಿರಾಕಿ. ಆ ಅಮ್ಮ ಒಂದು ದಿನವೂ ‘ತಾಜಾ ಹೌದಾ’ ಎಂದು ಕೇಳಿದವರಲ್ಲ. ಕೇಳದೇ ಇರುವುದೇ ಪದ್ದಕ್ಕನ ಆಸ್ತಿ.

ಈಚೆಗೆ ಬಂದ ಹೊಸ ಗಿರಾಕಿಗಳು ಹಾಗಲ್ಲ. ಅವರಿಗೆ ಮೀನಿಗಿಂತ ಮೊದಲು ಮೀನಿನ ಫೋಟೋ ಬೇಕು. ಪದ್ದಕ್ಕನ ಮೊಬೈಲಿಗೋ ಮನುಷ್ಯರ ಮುಖವೂ ಒಂದೇ, ಬಂಗುಡೆಯ ಮುಖವೂ ಒಂದೇ. ಬಂಗುಡೆಯ ಬೆನ್ನಿನ ಗೆರೆಗಳನ್ನೆಲ್ಲ ಸವರಿ ತೆಗೆದು, ಕಣ್ಣು ಅಗಲ ಮಾಡಿ, ಗಲ್ಲಕ್ಕೆ ಪೌಡರ್ ಹಚ್ಚಿ, ಹೆಣ್ಣು ನೋಡಲು ಬರುವವರ ಮುಂದೆ ಕೂರಿಸುವ ಹಾಗೆ ಮಾಡುತ್ತಿತ್ತು. ಅಂಥ ಬಂಗುಡೆಯನ್ನು ಹುರಿಯಲು ಯಾರಿಗೂ ಮನಸ್ಸು ಬಾರದು, ಕೆಲವರಿಗೆ ಸಂಬಂಧ ಕೇಳುವ ಮನಸ್ಸೂ ಬಂದೀತು. ಪದ್ದಕ್ಕ ಫೋಟೋ ನೋಡಿ ಮೊಬೈಲನ್ನು ಸೆರಗಿನಲ್ಲಿ ಒರೆಸಿದಳು, ಸೆರಗನ್ನು ತೊಳೆದಳು.

ಆ ಹೊತ್ತಿಗೆ ಅವಳ ತಂಗಿಯ ಮಗ ಶೈಲೇಶ್ ಮುಂಬೈಯಿಂದ ರಜೆಯಲ್ಲಿ ಬಂದ. ಅಲ್ಲಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವವನು, ತಲೆಗೆ ಕೆಂಪು ಬಣ್ಣ ಹಚ್ಚುವ ವಯಸ್ಸು. ದೊಡ್ಡಮ್ಮನ ಕಷ್ಟ ಕೇಳಿದ್ದೇ ಬ್ರಹ್ಮಾವರಕ್ಕೆ ಹೋಗಿ, ಮುಚ್ಚುತ್ತಿದ್ದ ಸ್ಟುಡಿಯೋ ಒಂದರಿಂದ ಅಂಗೈಯಗಲದ ಡಿಜಿಟಲ್ ಕ್ಯಾಮರಾ ತಂದುಬಿಟ್ಟ. ಮುಂಬೈಯಲ್ಲಿ ಈಗ ಕಾಲೇಜು ಮಕ್ಕಳೆಲ್ಲ ಮೊಬೈಲ್ ಒಳಗಿಟ್ಟು ಇಂಥದ್ದನ್ನೇ ಕುತ್ತಿಗೆಗೆ ಕಟ್ಟಿಕೊಂಡು ತಿರುಗುತ್ತಾರೆ, ಇದು ಮುಖಕ್ಕೆ ಪೌಡರ್ ಹಚ್ಚುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ, ದಿನಬಳಕೆಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದೆಲ್ಲ ಹೇಳಿದ.

ಪದ್ದಕ್ಕ ಕ್ಯಾಮರಾವನ್ನು ಕೈಗೆ ತೆಗೆದುಕೊಂಡು ಹೊಟ್ಟೆ ಒತ್ತಿದಳು. ಮೂಸಿದಳು. ಯಾವುದೋ ಗುಂಡಿ ತಾಗಿ ಅದರ ಮೂತಿ ಗುರ್ರೆಂದು ಹೊರಗೆ ಬಂತು.

“ಎಂತದಾ ಇದ್? ನಾಲ್ಗಿ ಹೊರಗ್ ಹಾಕತ್ತಲಾ.”

“ಲೆನ್ಸ್ ದೊಡ್ಡಮ್ಮ. ದೂರದ್ದೆಲ್ಲ ಹತ್ರ ಕಾಣತ್ತ್.”

“ಹತ್ರದ್ದ್ ಸಮ ಕಾಣತ್ತಾ ಹೇಳ್ ಮೊದ್ಲ್.”

ಹತ್ತಿರದ್ದು ಸರಿ ಕಾಣಲಿಲ್ಲ, ದೂರದ್ದೂ ಕಾಣಲಿಲ್ಲ. ಬಿಸಿಲಿನಲ್ಲಿ ಹಿಡಿದರೆ ಹಿಂದಿನ ಪರದೆಯಲ್ಲಿ ತನ್ನ ಮೂಗೇ ಕಾಣುತ್ತಿತ್ತು, ಅದೂ ಅರ್ಧ. ಗುಂಡಿ ಒತ್ತಿದ ಮೇಲೆ ಅದು ಯೋಚನೆ ಮಾಡಿ, ಮನೆದೇವರನ್ನು ನೆನೆದು ಕ್ಲಿಕ್ ಎನ್ನುವಷ್ಟರಲ್ಲಿ ಬುಟ್ಟಿಯಲ್ಲಿದ್ದ ಜೀವಂತ ಏಡಿ ಬೈಂದೂರು ದಾಟಿರುತ್ತಿತ್ತು. ಫ್ಲ್ಯಾಶ್ ಹಾಕಿದರೆ ಮೀನು ಮಾಯವಾಗಿ ಅದರ ಜಾಗದಲ್ಲಿ ಟ್ಯೂಬ್‌ಲೈಟ್ ಮಲಗಿರುತ್ತಿತ್ತು. ಫ್ಲ್ಯಾಶ್ ಇಲ್ಲದೆ ಸಂಜೆ ಹೊತ್ತಿಗೆ ತೆಗೆದದ್ದರಲ್ಲಿ ಮೀನಿನ ಮೈತುಂಬ ಕಾಳು ಕಾಳು. ಅಂಜಲ್ ಮೀನಿನ ತುಂಡಿಗೆ ರವೆ ಹಚ್ಚುವ ಕೆಲಸವನ್ನು ಕ್ಯಾಮರಾವೇ ಮಾಡಿ ಮುಗಿಸಿತ್ತು, ಎಣ್ಣೆ ಕಾಯಿಸುವುದೊಂದು ಬಾಕಿ. ಬ್ಯಾಟರಿಯ ವಿಷಯ ಹೇಳುವುದೇ ಬೇಡ, ಸೋಡಾ ಬಾಟಲಿಯ ನೊರೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಮೀನಿನ ಕೈಯಲ್ಲಿ ಮುಟ್ಟಿದ ಎರಡನೇ ದಿನವೇ ಗುಂಡಿಗಳ ಸಂದಿಯಲ್ಲಿ ಚಿಪ್ಪು ಸಿಕ್ಕಿ, ಜೂಮ್ ಒತ್ತಿದರೆ ಫೋಟೋ ಅಳಿಸಲೇ ಎಂದು ಕೇಳತೊಡಗಿತು. ಶೈಲೇಶ್ ಮೆಗಾಪಿಕ್ಸೆಲ್ ಲೆಕ್ಕ ಹೇಳಲು ಬಂದ. ಅದರಲ್ಲಿ ವಾಸನೆ ಬರುತ್ತದೆಯೇ ಎಂದು ಪದ್ದಕ್ಕ ಕೇಳಿದಳು. ಬರುವುದಿಲ್ಲ ಎಂದ. ಹಾಗಾದರೆ ಆ ಲೆಕ್ಕ ನಿನ್ನ ಹೋಟೆಲಿನಲ್ಲೇ ಇಟ್ಟುಕೋ ಎಂದು ಕ್ಯಾಮರಾವನ್ನು ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಶೈಲೇಶ್ ಬಿಡಲಿಲ್ಲ. ಕ್ಯಾಮರಾದ ನೆತ್ತಿಯ ಮೇಲೊಂದು ತಿರುಗಿಸುವ ಚಕ್ರ ಇತ್ತು. ಒಂದೊಂದು ಕಡೆಗೆ ತಿರುಗಿಸಿದರೆ ಒಂದೊಂದು ಪುಟ್ಟ ಚಿತ್ರ: ಜನರ ಫೋಟೋಗೆ ಮುಖ, ಗುಡ್ಡದ ಫೋಟೋಗೆ ಗುಡ್ಡ, ಹೂವಿಗೆ ಹೂವು, ಓಡುವವನಿಗೆ ಓಡುವವನು. ಅವುಗಳ ಪಕ್ಕದಲ್ಲಿ, ಬಾಲ ರೆಕ್ಕೆ ಸಮೇತ, ಒಂದು ಮೀನು.

“ದೊಡ್ಡಮ್ಮ, ಇಲ್ ಕಾಣ್. ಮೀನಿಗೆ ಬೇರೆಯೇ ಇತ್ತ್.”

ಪದ್ದಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಮೀನೇ ಹೌದು. ಗುಡ್ಡಕ್ಕೆ ಗುಡ್ಡ, ಹೂವಿಗೆ ಹೂವು ಎಂದ ಮೇಲೆ ಮೀನಿಗೆ ಮೀನು. ನಮ್ಮ ಕರಾವಳಿಯಲ್ಲಿ ಇದಕ್ಕೆ ಬೇರೆ ಅರ್ಥ ಹೇಳುವವನಿದ್ದರೆ ಅವನಿಗೆ ಮೊದಲು ನೀರು ಕುಡಿಸಿ, ಗಾಳಿ ಹಾಕಬೇಕಾಗುತ್ತದೆ.

“ನಮ್ಮವ್ರ್ ಯಾರೋ ಮಾಡಿದ್ದ್ ಇರ್ಕ್” ಎಂದಳು.

ಆ ಗುರುತಿಗೆ ಇಟ್ಟು, ಆಗಷ್ಟೇ ತಂದ ಬಂಗುಡೆಯ ಕಿವಿ ಎತ್ತಿ ತೆಗೆದರು. ಕಿವಿಯ ಒಳಗೆ ದಾಸವಾಳ ಅರಳಿತ್ತು. ಮೊಬೈಲಿನಲ್ಲಿ ಯಾವತ್ತೂ ಬಾರದ ಕೆಂಪು. ಮೀನೂ ತಾಜಾ, ಫೋಟೋವೂ ತಾಜಾ, ಎರಡೂ ಒಂದೇ ಮಾತು ಹೇಳುತ್ತಿದ್ದವು. ಪದ್ದಕ್ಕನ ಮುಖ ಬಿಚ್ಚಿಕೊಂಡಿತು. ಬಾಕಿ ಎಲ್ಲದರಲ್ಲಿ ಅದು ದರಿದ್ರ ಯಂತ್ರವೇ, ಆದರೆ ಮೀನಿನ ಮಟ್ಟಿಗೆ ಸುಳ್ಳು ಹೇಳುವುದಿಲ್ಲ ಎಂದು ತೀರ್ಪು ಕೊಟ್ಟಳು. ಆಮೇಲೆ ಚಕ್ರ ಆ ಗುರುತಿನಿಂದ ಕದಲಲಿಲ್ಲ.

ಹೀಗಿರುವಾಗ ಸುಗುಣಮ್ಮನ ಮಗಳು ದೀಕ್ಷಾಳ ಮದುವೆ ಆಯಿತು. ಬ್ರಹ್ಮಾವರದ ಬೀಗರು ಮೊದಲ ಸಲ ವಂಡ್ಸೆಗೆ ಊಟಕ್ಕೆ ಬರುವವರಿದ್ದರು. ಬೀಗಿತ್ತಿಗೆ ಅಂಜಲ್ ಎಂದರೆ ಪ್ರಾಣ, ಒಳ್ಳೆಯ ಮೀನು ಗುಡ್ಡದ ಕಡೆ ಎಲ್ಲಿ ಸಿಗುತ್ತದೆ ಎಂಬ ಅನುಮಾನವೂ ಅಷ್ಟೇ. ಸುಗುಣಮ್ಮ ಫೋನ್ ಮಾಡಿ, ದೊಡ್ಡ ಅಂಜಲ್ ಬೇಕು, ನನ್ನ ಮಾನ ನಿಮ್ಮ ಕೈಯಲ್ಲಿ ಎಂದರು. ತಾಜಾ ಹೌದಾ ಎಂದು ಅಂದೂ ಕೇಳಲಿಲ್ಲ.

ಊಟದ ಹಿಂದಿನ ದಿನ ಪದ್ದಕ್ಕ ಬಸ್ಸಿಳಿಯುವಾಗ ಕಾಲು ಉಳುಕಿಸಿಕೊಂಡಳು. ಪಾದ ಊದಿ ಹಲಸಿನಕಾಯಿ ಆಯಿತು. ಬಂದರಿನ ಜಾರುವ ನೆಲದಲ್ಲಿ ಕಾಲಿಡುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಶೈಲೇಶನೇ ಕ್ಯಾಮರಾ ಹಿಡಿದು ಗಂಗೊಳ್ಳಿಗೆ ಹೋದ. ಹೋಟೆಲಿನವನಾದರೂ ಅವನು ಮೀನನ್ನು ಕಂಡದ್ದು ತಟ್ಟೆಯಲ್ಲಿ, ಈರುಳ್ಳಿಯ ಜೊತೆಗೆ. ಆದ್ದರಿಂದ ಪದ್ದಕ್ಕ ಕಟ್ಟುನಿಟ್ಟಾಗಿ ಹೇಳಿ ಕಳಿಸಿದಳು: ನೀನು ತೀರ್ಮಾನ ಮಾಡಬೇಡ, ಕಿವಿ ಎತ್ತಿ ಫೋಟೋ ತೆಗೆ, ನಾನು ನೋಡುತ್ತೇನೆ. ಕ್ಯಾಮರಾದಿಂದ ಶೈಲೇಶನ ಮೊಬೈಲಿಗೆ, ಅಲ್ಲಿಂದ ಪದ್ದಕ್ಕನ ಮೊಬೈಲಿಗೆ ಫೋಟೋ ಬಂತು. ಮೊಣಕೈಯುದ್ದದ ಅಂಜಲ್, ಕಿವಿಯೊಳಗೆ ಕೆಂಡ. ಪದ್ದಕ್ಕ ತೆಗೆದುಕೋ ಎಂದಳು. ಅದೇ ಫೋಟೋವನ್ನು ಸುಗುಣಮ್ಮನಿಗೂ ಕಳಿಸಿ, ಫೋನ್ ಮಾಡಿ, ವರ್ಷಗಟ್ಟಲೆ ಹೇಳುತ್ತಿದ್ದ ಆ ಮಾತನ್ನು ಅಭ್ಯಾಸಬಲದಿಂದ ಹೇಳಿಬಿಟ್ಟಳು. “ನಾನ್ ಕಂಡ್ ಮೀನ್.”

ಶೈಲೇಶ್ ಚೀಲ ತಂದು ಜಗುಲಿಯಲ್ಲಿ ಇಟ್ಟ. ಚೀಲ ಬಿಚ್ಚುವ ಮೊದಲೇ ಪದ್ದಕ್ಕನ ಮೂಗು ತಿರುಗಿತು. ಕಿವಿ ಎತ್ತಿದಳು. ಒಳಗೆ ಹಳೆ ಬೆಲ್ಲ, ಅದರ ಮೇಲೆ ಬೂದು ಲೋಳೆ. ಆ ಅಂಜಲ್ ಸತ್ತು ಎಷ್ಟು ಕಾಲವಾಗಿತ್ತೆಂದರೆ ಅದಕ್ಕೆ ಹಳೆಯ ಪಂಚಾಯ್ತಿ ಚುನಾವಣೆಯ ಸುದ್ದಿಯೂ ಗೊತ್ತಿದ್ದೀತು.

ಮೀನು ಬದಲಾಗಿದೆ, ಗೋಪಿ ಮೋಸ ಮಾಡಿದ ಎಂದು ಶೈಲೇಶ್ ಕೂಗಾಡಿದ. ಗೋಪಿ ಎಂದರೆ ಮಾರಿದವನು. ಪದ್ದಕ್ಕ ಕ್ಯಾಮರಾವನ್ನು ಅದೇ ಮೀನಿಗೆ ಹಿಡಿದು ಗುಂಡಿ ಒತ್ತಿದಳು. ಫೋಟೋದಲ್ಲಿ ಕಿವಿ ಕೆಂಪು. ತನ್ನ ಅಂಗೈಗೆ ಹಿಡಿದಳು. ಕುಂಕುಮದಲ್ಲಿ ಅದ್ದಿದ ಕೈ. ಹೊಸ್ತಿಲ ಮೇಲೆ ಕೂತ ಬಿಳಿ ಬೆಕ್ಕಿಗೆ ಹಿಡಿದಳು. ಗುಲಾಬಿ ಬಣ್ಣದ ಬೆಕ್ಕು.

“ನಿನ್ನ್ ತಲಿಗ್ ಬಣ್ಣ ಹಚ್ಚಿದ್ ಹಾಂಗೆ ಹಚ್ಚತ್ತಲಾ ಇದ್, ಮೀನಿನ್ ಕಿವಿಗೆ” ಎಂದಳು.

ಶೈಲೇಶ್ ನೆರಳಿಗೆ ಹೋಗಿ ಚಕ್ರವನ್ನು ಆಚೆ ತಿರುಗಿಸಿ, ಮತ್ತೆ ಮೀನಿನ ಗುರುತಿಗೆ ತಂದ. ಪರದೆಯ ಮೇಲೆ ಒಂದು ಗಳಿಗೆ ಇಂಗ್ಲಿಷ್ ಅಕ್ಷರ ಮೂಡಿ ಹೋಯಿತು. ಇಷ್ಟು ದಿನ ಚಿತ್ರ ನೋಡಿದ್ದನೇ ಹೊರತು ಅಕ್ಷರ ನೋಡಿರಲಿಲ್ಲ. ಅವನ ದನಿ ಇಳಿಯಿತು.

“ಇದ್ ಮೀನಿಗಲ್ಲ ದೊಡ್ಡಮ್ಮ. ನೀರಿನ್ ಒಳ್ಗೆ ಫೋಟೋ ತೆಗುಕೆ ಅಂಬ್ರ್. ಅಲ್ಲ್ ಕೆಂಪ್ ಮಾಸತ್ತಂಬ್ರ್, ಅದ್ಕೆ ಇದೇ ತನ್ನಷ್ಟಕ್ಕೆ ಕೆಂಪ್ ಸೇರ್ಸತ್ತ್.”

“ಇದನ್ನ ನೀರಿಗ್ ಹಾಕ್ರೆ?”

“ಹಾಳಾತ್ತ್.”

ಪದ್ದಕ್ಕ ಉಗುಳಲು ಎದ್ದು ಅಂಗಳಕ್ಕೆ ಹೋದಳು, ಊದಿದ ಕಾಲಿನಲ್ಲಿ. ಒಂದು ಲೋಟ ನೀರಿಗೆ ಬಿದ್ದರೆ ಸಾಯುವ ಯಂತ್ರಕ್ಕೆ ಸಮುದ್ರದ ತಳದ ಫೋಟೋ ತೆಗೆಯುವ ಗುರುತು! ಅವಳು ಮೀನಿಗೆ ಹೇಸಿದ್ದಳು, ಮನುಷ್ಯರಿಗೆ ಹೇಸಿದ್ದಳು. ಒಂದು ಡಬ್ಬಿಗೆ ಇಷ್ಟು ಹೇಸಿದ್ದು ಅದೇ ಮೊದಲು.

ವಂಡ್ಸೆಯಲ್ಲಿ ಬೀಗರು ಬಂದಿಳಿಯುವ ಹೊತ್ತು. ಬೇರೆ ಅಂಜಲ್ ಹುಡುಕಿ ತರಲು ಹೊತ್ತಿಲ್ಲ. ಶೈಲೇಶ್ ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದ.

“ಬ್ಯಾಡಗಿ ಮೆಣ್ಸಿನ್ ಮಸಾಲಿ ದಪ್ಪ ಹಚ್ಚಿ ಕಾಯ್ಸ್ರೆ ಯಾರಿಗೂ ಗೊತ್ತಾತಿಲ್ಲೆ. ಮುಂಬೈಯಂಗೆ ನಾವ್…”

“ನೀ ಮುಂಬೈಯಂಗೆ ಎಂತ ತಿನ್ಸ್ತೆ ಅಂತ ನಂಗ್ ಹೇಳ್ಬ್ಯಾಡ. ರಿಕ್ಷಾ ಕರಿ.”

ಫೋನಿನಲ್ಲಿ ಹೇಳಿದರೆ ಸಾಕಲ್ಲ ಎಂದು ಅವನು ಕೇಳಿದ. ಸಾಲದು. ಕಂಡಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದನ್ನು ಕಂಡಿಲ್ಲ ಎಂದು ಫೋನಿನಲ್ಲೇ ಹೇಳಿದರೆ ಸುಗುಣಮ್ಮ ಯಾವುದನ್ನು ನಂಬಬೇಕು? ಅವಳು ಮೀನಿನ ಚೀಲವನ್ನೂ ಹಲಸಿನಕಾಯಿ ಪಾದವನ್ನೂ ಶೈಲೇಶನನ್ನೂ ರಿಕ್ಷಾಕ್ಕೆ ಹಾಕಿಸಿಕೊಂಡು ಹೊರಟಳು. ಹೆಮ್ಮಾಡಿಯಲ್ಲಿ ತಿರುಗುವಾಗಲೇ ರಿಕ್ಷಾದವನ ಕಣ್ಣಲ್ಲಿ ನೀರು ಸುರಿಯುತ್ತಿತ್ತಂತೆ. ದುಃಖಕ್ಕಲ್ಲ, ಅಂಜಲ್ ಮಹಿಮೆ.

ವಂಡ್ಸೆಯ ಮನೆಯಂಗಳದಲ್ಲಿ ಬೀಗರು ಆಗಲೇ ಶರಬತ್ತು ಕುಡಿಯುತ್ತಿದ್ದರು. ಕಾವಲಿ ಒಲೆಯ ಮೇಲಿತ್ತು. ಪದ್ದಕ್ಕ ಕುಂಟುತ್ತಾ ಬಂದದ್ದು ಕಂಡು ಸುಗುಣಮ್ಮ ನೀವೇ ತಂದಿರಾ ಎಂದು ಎದುರು ಬಂದರು.

“ಸುಗುಣಮ್ಮ, ನಾನ್ ಕಂಡ್ ಮೀನ್ ಅಂದಿದ್ದೆ. ಕಾಣ್ಲಿಲ್ಲೆ. ಫೋಟೋ ಕಂಡದ್ದ್. ಇದನ್ನ ಕಾವ್ಲಿಗ್ ಹಾಕ್ಬೇಡಿ.”

ಬೀಗಿತ್ತಿ ಶರಬತ್ತಿನ ಲೋಟ ಕೆಳಗಿಟ್ಟು ಸುಗುಣಮ್ಮನ ಮೊಬೈಲ್ ತೆಗೆದುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು.

“ಎಷ್ಟ್ ಕೆಂಪ್ ಇತ್ತಲೆ ಮಾರ್ರೆ. ಈ ಮೀನ್ ಬೇರೆಯವ್ರಿಗ್ ಕೊಟ್ಟ್, ಇಲ್ಲಿಗ್ ಬೇರೆ ತಂದದ್ದ್ ಇರ್ಕ್.”

ಇಡೀ ಆಯುಷ್ಯದಲ್ಲಿ ಪದ್ದಕ್ಕನಿಗೆ ಯಾರೂ ಹೇಳದ ಮಾತು ಅದು. ಶೈಲೇಶ್ ಕ್ಯಾಮರಾದ ಚಕ್ರದ ಕತೆ ಹೇಳಲು ಬಾಯಿ ತೆರೆದ. ಮೀನಿನ ಗುರುತು, ನೀರಿನ ತಳ, ಗುಲಾಬಿ ಬೆಕ್ಕು ಎಂದೆಲ್ಲ ಶುರು ಮಾಡಿದ್ದು ಕೇಳಿದರೆ ಸತ್ಯವಂತನಿಗೂ ಸುಳ್ಳೆಂದೇ ಅನಿಸಬೇಕು. ಸುಗುಣಮ್ಮ ಒಮ್ಮೆ ಫೋಟೋ ನೋಡಿದರು, ಒಮ್ಮೆ ಪದ್ದಕ್ಕನನ್ನು ನೋಡಿದರು. ಪದ್ದಕ್ಕ ಅಂಗಳದಲ್ಲೇ ಕೂತು ಚೀಲ ಬಿಚ್ಚಿ ಮೀನಿನ ಕಿವಿ ಎತ್ತಿ ಹಿಡಿದಳು.

“ಬೆರ್ಳ್ ಹಾಕಿ ಕಾಣಿ.”

ಮೀನು ತಿನ್ನುತ್ತಲೇ ಮುದುಕಿಯಾದ ಸುಗುಣಮ್ಮ ಇದುವರೆಗೆ ಮೀನಿನ ಕಿವಿಗೆ ಬೆರಳು ಹಾಕಿದವರಲ್ಲ. ಪಟ್ಟೆ ಸೀರೆ ಎತ್ತಿಕಟ್ಟಿ ಬಗ್ಗಿದರು. ಬೆರಳು ಒಳಗೆ ಹೋಯಿತು. ಅವರ ಮುಖ ಮೊದಲು ಅಡ್ಡಕ್ಕೆ ತಿರುಚಿಕೊಂಡಿತು, ಆಮೇಲೆ ಉದ್ದಕ್ಕೆ.

“ಶ್ಶೀ.”

“ನಂಗ್ ದಿನಾ ಇದೇ” ಎಂದಳು ಪದ್ದಕ್ಕ.

ಸುಗುಣಮ್ಮ ಬೆರಳು ತೊಳೆಯಲಿಲ್ಲ. ಅದನ್ನು ಹಾಗೇ ಎತ್ತಿ ಹಿಡಿದುಕೊಂಡು ಹೋಗಿ ಬೀಗಿತ್ತಿಯ ಮೂಗಿನ ಕೆಳಗೆ ಇಟ್ಟರು. ಬೀಗಿತ್ತಿ ಎರಡು ಹೆಜ್ಜೆ ಹಿಂದೆ ಸರಿದರು ಎಂದು ಬೀಗರು ಹೇಳುತ್ತಾರೆ. ತೋಟದಾಚೆಯ ಗೇರುಮರದ ತನಕ ಹೋಗಿ ನಿಂತರು ಎಂದು ವಂಡ್ಸೆಯವರು ಹೇಳುತ್ತಾರೆ. ನನಗೆ ವಂಡ್ಸೆಯವರ ಮೇಲೆ ನಂಬಿಕೆ ಹೆಚ್ಚು. ಮೊಬೈಲನ್ನು ಮಾತ್ರ ಬೀಗಿತ್ತಿ ಅಲ್ಲೇ ಬಿಟ್ಟು ಹೋಗಿದ್ದರು.

ಮೀನು ತೆಂಗಿನ ಬುಡದ ಹೊಂಡಕ್ಕೆ ಹೋಯಿತು. ಹಿತ್ತಲಿನ ಕೋಳಿಗಳ ಗ್ರಹಚಾರ ಕೆಟ್ಟಿತು. ಬೀಗರ ಊಟ ತಡವಾಯಿತು, ಬೀಗಿತ್ತಿಯ ಮುಖ ಗಂಟಾಗಿತ್ತು, ಸುಗುಣಮ್ಮನ ಬೆರಳಿಗೆ ಹಚ್ಚಿ ಹಚ್ಚಿ ಸಾಬೂನು ಸವೆದು ಅಡಿಕೆಯಷ್ಟಾಯಿತು. ಹೊರಡಲು ಎದ್ದ ಪದ್ದಕ್ಕನನ್ನು ಸುಗುಣಮ್ಮ ಕೈಹಿಡಿದು ತಂದು ಬೀಗಿತ್ತಿಯ ಪಕ್ಕದಲ್ಲೇ ಕೂರಿಸಿದರು. ಎಲೆ ಹಾಕಿದರು, ಕೋಳಿ ಸಾರು ಬಡಿಸಿದರು.

ಯಾರೂ ಊಟಕ್ಕೆ ಕೈ ಹಾಕಲಿಲ್ಲ. ಬೀಗರು, ಬೀಗಿತ್ತಿ, ಮದುಮಗ, ಶೈಲೇಶ್ ಎಲ್ಲರೂ ಕತ್ತು ಬಗ್ಗಿಸಿ ಪದ್ದಕ್ಕನ ಕಡೆಗೇ ನೋಡುತ್ತಿದ್ದರು. ಪದ್ದಕ್ಕ ಒಂದು ತುಂಡು ಎತ್ತಿ, ತಿರುಗಿಸಿ ನೋಡಿ, ಮೂಸಿ, ಬಾಯಿಗಿಟ್ಟುಕೊಂಡಳು. ಆಮೇಲೆ ಬೀಗಿತ್ತಿ ಕೈ ತೊಳೆದುಕೊಂಡು ಎಲೆಗೆ ಕೈ ಹಾಕಿದರು.