ಮಾಸಿ ಇಳಿದ ನದಿ

ಸಿಂಧನೂರಿನ ಬಜಾರದ ಒಂದು ಸಂದಿಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಎರಡು ಮಷೀನು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಹದಿನೆಂಟು ವರ್ಷಗಳಿಂದ ಆರ್.ಎಚ್. ಕ್ಯಾಂಪಿನ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನ, ನನ್ನ ಗೆಳತಿ. ಅವಳ ತಾಯಿ ಚಿಕ್ಕ ಹುಡುಗಿಯಾಗಿದ್ದಾಗ ಪೂರ್ವ ಬಂಗಾಲದಿಂದ ನಿರಾಶ್ರಿತರ ಜೊತೆ ಇಲ್ಲಿಗೆ ಬಂದವರು. ಗೆಳತಿ ಹುಟ್ಟಿದ್ದು ಕ್ಯಾಂಪಿನಲ್ಲೇ, ಓದಿದ್ದು ಕನ್ನಡ ಶಾಲೆಯಲ್ಲಿ. ಗಿರಾಕಿಗಳ ಜೊತೆ ಜಗಳಕ್ಕೆ ನಿಂತರೆ ಅವಳ ಬಾಯಿ ನನಗಿಂತ ಜೋರು. ಆದರೂ ಬಜಾರಕ್ಕೆಲ್ಲ ಅವಳು ‘ಬಂಗಾಲಿ ಅಕ್ಕ’.

ಅವಳ ತಾಯಿಗೊಬ್ಬ ತಂಗಿ. ಮನೆಯವರೆಲ್ಲ ಇತ್ತ ಬರುವಾಗ ತೀರ ಸಣ್ಣವಳೆಂದು ಆ ಮಗುವನ್ನು ಸುಂದರಬನದ ಅಂಚಿನ ಒಂದು ದ್ವೀಪದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರಂತೆ. ಆಕೆ ಅಲ್ಲೇ ಬೆಳೆದು, ಅಲ್ಲೇ ಮದುವೆಯಾಗಿ, ಅಲ್ಲೇ ಉಳಿದರು. ಅಕ್ಕತಂಗಿಯರು ಮುಖ ನೋಡಿಕೊಂಡು ಮೂವತ್ತು ವರ್ಷಗಳಾಗಿದ್ದವು. ಹೋದ ಚಳಿಗಾಲದಲ್ಲಿ ಮೊಣಕಾಲು ನೋವಿನ ಆ ತಾಯಿ ಅಂಗಡಿಗೇ ಬಂದು ಕುಂತರು.

‘ನೀವಿಬ್ರೂ ಒಂದ್ಸಲ ಹೋಗಿ ಆಕೀನ್ನ ನೋಡ್ಕೊಂಡು ಬರ‍್ರೆವಾ. ಮನಿ ನೀರಾಗ ಹೋತು ಅಂತ ಫೋನಿನಾಗ ನಕ್ಕೋತ ಹೇಳ್ತಾಳ. ಅದೇನು ನಗೋ ಮಾತೇನು?’

ಗೆಳತಿ ನನ್ನ ಮುಖ ನೋಡಿದಳು. ‘ಅಕ್ಕಾ, ನೀ ಬಂದ್ರ ಹೋಗ್ತೀನಿ. ಒಬ್ಬಾಕಿನ ಅಷ್ಟು ದೂರ ಹೋಗಾಕ ಅಂಜಿಕಿ ಬರ್ತೈತಿ.’

ನಾನು ಒಪ್ಪಿದ್ದು ಉಪಕಾರ ಮಾಡೋಣವೆಂದಲ್ಲ. ಸುಂದರಬನವೆಂದರೆ ಹುಲಿಗಳನ್ನು ಕಾಪಾಡಿಕೊಂಡಿರುವ ಕಾಡು, ಸಮುದ್ರದ ಪಕ್ಕದಲ್ಲೇ ಇದೆ ಎಂದು ಕೇಳಿದ್ದೆ. ನಲವತ್ತಾರು ವರ್ಷವಾದರೂ ನಾನು ಹುಲಿಯನ್ನೂ ನೋಡಿರಲಿಲ್ಲ, ಸಮುದ್ರವನ್ನೂ ನೋಡಿರಲಿಲ್ಲ. ಹೊಸ ಚಪ್ಪಲಿ ಕೊಂಡೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಬಸ್ಸು, ರೈಲು, ಮತ್ತೊಂದು ರೈಲು, ಆಟೋ, ಕಡೆಗೆ ದೋಣಿ. ಮೂರನೆಯ ದಿನ ಮಧ್ಯಾಹ್ನ ಆ ದ್ವೀಪದ ಕೆಸರಿನಲ್ಲಿ ಕಾಲಿಟ್ಟೆ. ಹೊಸ ಚಪ್ಪಲಿ ಅಲ್ಲೇ ಹೂತುಹೋಯಿತು.

ಚಿಕ್ಕವ್ವನಿಗೆ ಅವರ ಭಾಷೆಯಲ್ಲಿ ಮಾಸಿ ಎನ್ನುತ್ತಾರೆ. ನಾನೂ ಮಾಸಿ ಎಂದೇ ಕರೆದೆ. ಅರವತ್ತರ ಹತ್ತಿರದ ಸಣಕಲು ಹೆಂಗಸು. ಗೆಳತಿಯನ್ನು ಅಪ್ಪಿಕೊಂಡು ಅಳುತ್ತಲೇ ಅವಳ ಒಂದು ಮಾತು ಕೇಳಿಸಿಕೊಂಡು ಕಿಸಕ್ಕನೆ ನಕ್ಕುಬಿಟ್ಟರು. ಗೆಳತಿಯ ಬಂಗಾಲಿಯಲ್ಲಿ ಅರ್ಧ ಕನ್ನಡವಂತೆ. ಸುತ್ತ ನೆರೆದ ಹೆಂಗಸರು ಅವಳಿಗೆ ‘ಮದ್ರಾಸಿ’ ಎಂದು ಹೆಸರಿಟ್ಟರು.

‘ಅಲ್ಲಿ ಬಂಗಾಲಿ, ಇಲ್ಲಿ ಮದ್ರಾಸಿ. ನಾ ಯಾವೂರಾಕಿ ಅಂತ ನೀನ ಹೇಳಕ್ಕಾ’ ಎಂದಳು. ನಗುತ್ತಲೇ ಹೇಳಿದಳಾದರೂ ಅವಳ ಮುಖ ಸಣ್ಣದಾಗಿತ್ತು.

ಹಳೆಯ ಮನೆ ಎಲ್ಲಿತ್ತು ಎಂದು ನಾನು ಕೇಳಿದೆ. ಮಾಸಿ ನಮ್ಮನ್ನು ಊರ ಅಂಚಿನ ಮಣ್ಣಿನ ಒಡ್ಡಿನ ಮೇಲೆ ಕರೆದೊಯ್ದು ಕೈ ಚಾಚಿದರು. ಅಲ್ಲಿ ನದಿ ಇತ್ತು. ಬಿದ್ದ ಗೋಡೆಯೋ ಕಲ್ಲಿನ ಪಾಯವೋ ಕಾಣಬಹುದೆಂದು ಹುಡುಕಿದೆ. ಬರೀ ನೀರು. ‘ಆ ದೋಣಿ ಹೊಂಟೈತೆಲ್ಲ, ಅಲ್ಲಿ ಅಡಗಿಮನಿ ಇತ್ತಂತ’ ಎಂದು ಗೆಳತಿ ತಿಳಿಸಿದಳು. ನಾನು ಹುಟ್ಟಿದ ಮಸ್ಕಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಬಂಡೆಗಲ್ಲಿನ ಮೇಲೆ ಕೊರೆದ ಅಕ್ಷರಗಳು ಇನ್ನೂ ಇವೆ. ಚಿಕ್ಕಂದಿನಲ್ಲಿ ಅವುಗಳ ಹತ್ತಿರ ಆಡಿ ಬೆಳೆದವಳು ನಾನು. ನೆಲವೆಂಬುದು ಹೀಗೆ ಕರಗಿಹೋಗುತ್ತದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನಾವು ಬಂದಾಗ ಎಡಕ್ಕೆ ಹರಿಯುತ್ತಿದ್ದ ನದಿ ಈಗ ಬಲಕ್ಕೆ ಹರಿಯುತ್ತಿತ್ತು. ಸಮುದ್ರದ ಭರತಕ್ಕೆ ದಿನಕ್ಕೆ ಎರಡು ಸಲ ಹೀಗೆ ಆಗುತ್ತದಂತೆ. ನಾಲೆಗೆ ಎಂದು ನೀರು ಬಿಡುತ್ತಾರೋ ಎಂದು ಕಾಯುವ ಊರಿನಿಂದ ಬಂದವಳು ನಾನು. ಗೆಳತಿಯ ತೋಳು ಹಿಡಿದುಕೊಂಡೇ ಒಡ್ಡು ಇಳಿದೆ.

ಆ ಸಂಜೆ ಮಾಸಿಯ ಹಗ್ಗದ ಮೇಲೆ ಒಣಗುತ್ತಿದ್ದ ಒಂದು ಹಳೆಯ ನೀಲಿ ಸೀರೆ ಭುಜದ ಮೇಲೆ ಬರುವ ಕಡೆ ಹರಿದಿದ್ದು ಕಂಡಿತು. ಹೊಲಿಗೆಯವರ ಕೈ ಸುಮ್ಮನಿರುವುದಿಲ್ಲ. ಬ್ಯಾಗಿನಲ್ಲಿ ಸೂಜಿದಾರ ಇತ್ತು, ನೀಲಿ ಬಟ್ಟೆ ಇರಲಿಲ್ಲ. ಒಂದು ಗಿಳಿಹಸಿರು ತುಂಡು ಸಿಕ್ಕಿತು. ಅದನ್ನೇ ತ್ಯಾಪೆ ಹಾಕಿಕೊಟ್ಟೆ. ಮಾಸಿ ಅದನ್ನು ಸವರಿ ನೋಡಿ ಬಹಳ ಸಂತೋಷಪಟ್ಟರು.

ಮರುದಿನ ಬೆಳಗ್ಗೆ ಅವರೇ ನಮ್ಮನ್ನು ಪ್ರವಾಸಿಗರ ಬೋಟು ಹತ್ತಿಸಿದರು. ‘ತನಗ ಕೆಲಸ ಐತಂತ. ನಾವು ಕಾಡು ನೋಡಿ ಬರಬೇಕಂತ’ ಎಂದಳು ಗೆಳತಿ. ಏನು ಕೆಲಸವೆಂದು ನಾವಿಬ್ಬರೂ ಕೇಳಲಿಲ್ಲ.

ಬೋಟಿನಲ್ಲಿ ಮೂವತ್ತು ಜನರಿದ್ದೆವು. ಕಾಡಿನ ದಂಡೆಯುದ್ದಕ್ಕೂ ಹುಲಿ ಈಚೆ ಬಾರದಂತೆ ನೈಲಾನ್ ಬಲೆಯ ಬೇಲಿ. ಅದರ ಹಿಂದೆ ಕೆಸರಿನಿಂದ ಮೊಳೆಗಳ ಹಾಗೆ ಮೇಲೆದ್ದ ಬೇರುಗಳು. ಜಿಂಕೆ ಕಂಡೆವು, ಮರದ ಮೇಲೆ ಕೋತಿ ಕಂಡೆವು, ನೀಲಿ ರೆಕ್ಕೆಯ ಮಿಂಚುಳ್ಳಿಗಳನ್ನು ಕಂಡೆವು. ಹುಲಿ ಕಾಣಲಿಲ್ಲ. ನೀರಿಳಿದ ಹೊತ್ತಿಗೆ ಗೈಡು ಮೈಕಿನಲ್ಲಿ ಕೂಗಿದ. ದಂಡೆಯ ಕೆಸರಿನ ಮೇಲೆ ಒಂದು ಮೊಸಳೆ ಮಲಗಿತ್ತು. ಎತ್ತಿನ ಚಕ್ಕಡಿಗಿಂತ ಉದ್ದ. ಬಾಯಿ ತೆರೆದೇ ಇತ್ತು. ಬೋಟು ಹತ್ತಿರವಾದಾಗ ಅದು ಒಂಚೂರೂ ಸದ್ದಿಲ್ಲದೆ ನೀರಿಗೆ ಜಾರಿತು. ಇತ್ತೆಂಬ ಗುರುತೂ ಉಳಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ವಾಪಸು ಬರುವಾಗ ಬೋಟು ಊರಿನ ದಂಡೆಯ ಕಡೆಗೆ ಸರಿಯಿತು. ಬೋಟಿಗೆ ಬೇಕಾದಷ್ಟು ಆಳ ಆ ಕಡೆಗೇ ಇತ್ತು. ‘ಬಲಕ್ಕೆ ನೋಡಿ’ ಎಂದ ಗೈಡು ಹಿಂದಿಯಲ್ಲಿ. ಏಳೆಂಟು ಹೆಂಗಸರು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಡೆಯುತ್ತಿದ್ದರು. ಪ್ರತಿಯೊಬ್ಬರ ಹಿಂದೆ ಹಗ್ಗ, ಹಗ್ಗದ ತುದಿಗೆ ಸೊಳ್ಳೆಪರದೆಯಂಥ ನೀಲಿ ಬಲೆ. ಸಿಗಡಿಮರಿ ಹಿಡಿಯುವವರು ಎಂದ. ಜನ ಎದ್ದು ಫೋನು ಹಿಡಿದರು. ಜಿಂಕೆ ಕಂಡಾಗ ಎದ್ದ ಹಾಗೆಯೇ ಎದ್ದರು. ನಾನೂ ಎದ್ದು ಫೋಟೋ ತೆಗೆದೆ.

ಕೂತು, ಚೆನ್ನಾಗಿ ಬಂದಿದೆಯೇ ಎಂದು ಬೆರಳಿನಿಂದ ಅದನ್ನು ದೊಡ್ಡದು ಮಾಡಿದೆ. ಕಡೆಯ ಹೆಂಗಸಿನ ಭುಜದ ಮೇಲೆ ಗಿಳಿಹಸಿರು ತ್ಯಾಪೆ ಇತ್ತು.

ಫೋನನ್ನು ಗೆಳತಿಯ ಮುಂದೆ ಹಿಡಿದೆ. ಅವಳು ಒಮ್ಮೆ ಫೋನು ನೋಡಿದಳು, ಒಮ್ಮೆ ನೀರು ನೋಡಿದಳು. ಆಮೇಲೆ ಕಟಕಟೆ ಹಿಡಿದು ಕಿರುಚಿದಳು.

‘ಮಾಸೀ! ಮ್ಯಾಲ ಬಾ! ಮೊಸಳಿ ಐತಿ, ಈಗರೆ ನೋಡೀವಿ! ಮ್ಯಾಲ ಬಾ!’

ಗಾಬರಿಯಲ್ಲಿ ಅವಳು ಕೂಗಿದ್ದು ಕನ್ನಡದಲ್ಲಿ. ನೀರಿನಲ್ಲಿದ್ದವರಿಗೆ ಏನು ಅರ್ಥವಾಗಬೇಕು? ಮಾಸಿ ತಲೆ ಎತ್ತಿ ನೋಡಿದರು, ನಮ್ಮ ಗುರುತು ಹಿಡಿದರು, ಹಗ್ಗವಿಲ್ಲದ ಕೈಯನ್ನು ಮೇಲೆತ್ತಿ ಬೀಸಿದರು. ಮತ್ತೆ ಬಗ್ಗಿ ನಡೆದರು. ಬೋಟು ನಿಲ್ಲಿಸು ಎಂದು ಗೆಳತಿ ಚಾಲಕನ ಹತ್ತಿರ ಓಡಿದಳು. ಇಲ್ಲಿ ನಿಲ್ಲಿಸಲು ಬರುವುದಿಲ್ಲ, ದಿನಾಲೂ ಇಳಿಯುತ್ತಾರೆ, ಹೆದರಬೇಡಿ ಎಂದ ಅವನು. ಹತ್ತಿರ ಕೂತಿದ್ದವರೊಬ್ಬರು ನನಗೆ ನೀರಿನ ಬಾಟಲಿ ಕೊಟ್ಟರು.

ನಾವು ಮನೆ ಮುಟ್ಟಿದಾಗ ಮಾಸಿ ಒಲೆಯ ಮುಂದೆ ಕೂತು ಮೀನು ಹುರಿಯುತ್ತಿದ್ದರು. ಕೂದಲು ಇನ್ನೂ ಒದ್ದೆಯಾಗಿತ್ತು. ಗೆಳತಿ ಅಳುತ್ತ, ಬೈಯುತ್ತ, ಬಂಗಾಲಿಯೋ ಕನ್ನಡವೋ ತಿಳಿಯದಂತೆ ಒದರಿದಳು. ಮಾಸಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ ಎಡಗಾಲಿನ ಹಿಂಭಾಗ ತೋರಿಸಿದರು. ಮೀನಖಂಡ ಇರಬೇಕಾದ ಜಾಗದಲ್ಲಿ ಗುಳಿ ಇತ್ತು. ಅದರ ಸುತ್ತ ಹೊಳೆಯುವ ಗಾಯದ ಕಲೆ, ಸುಕ್ಕು ಬಿಟ್ಟು ಹೊಲಿದ ಬಟ್ಟೆಯ ಹಾಗೆ.

‘ಏನಂತಾಳ?’ ಎಂದೆ.

ಗೆಳತಿ ಮೂಗು ಒರೆಸಿಕೊಂಡಳು. ‘ಮೊಸಳಿ ಕಾಲು ಹಿಡದಾಗ ಸೀರಿನೂ ಅದರ ಬಾಯಾಗ ಸಿಕ್ಕೊಂತಂತ. ಸೀರಿ ಬಿಚ್ಚಿ ಒಗದು ಈಜಿ ಬಂದಾಳಂತ. ಆರು ತಿಂಗಳ ಮಲಗಿ, ಮತ್ತ ಇಳದಾಳ.’

‘ಮತ್ತ ಯಾಕ ಇಳೀಬೇಕಾಗಿತ್ತಂತ?’

ಅವಳು ಕೇಳಿದಳು. ಮಾಸಿ ಮೀನು ತಿರುವಿ ಹಾಕುತ್ತ ಎರಡೇ ಮಾತು ಹೇಳಿದರು. ‘ಹೊಲದಾಗ ಉಪ್ಪುನೀರು ಹೊಕ್ಕೈತಿ, ನದಿ ಬಿಟ್ರ ಬ್ಯಾರೆ ಹೊಲ ಇಲ್ಲ ಅಂತಾಳ’ ಎಂದಳು ಗೆಳತಿ.

ಆ ಮೀನನ್ನು ನಾನು ತಿನ್ನಲಿಲ್ಲ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ ಎಂಬ ನೆಪ ಹೇಗೂ ಇತ್ತು.

ಮರುದಿನ ಮಾಸಿ ಬಲೆ ತೆಗೆದುಕೊಂಡು ಹೊರಟಾಗ ನಾನೂ ಎದ್ದು ಹೊರಟೆ. ಗೆಳತಿ ತಡೆದಳು. ‘ನಿಂಗ ಹುಚ್ಚು ಹಿಡದೈತೇನು? ಬಾವ್ಯಾಗ ಇಣಿಕಿ ನೋಡಾಕ ಅಂಜಾಕಿ ನೀ.’ ನಿಜವೇ. ಆದರೆ ಫೋಟೋ ತೆಗೆದವಳು ನಾನು. ದಂಡೆಯ ಮೇಲೆ ಕೂತು ಇನ್ನೊಮ್ಮೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಮೊಣಕಾಲುಮಟ್ಟದ ನೀರಿಗೆ ಇಳಿದೆ. ನೀರು ಬೆಚ್ಚಗಿತ್ತು, ಕಂದು ಬಣ್ಣದ್ದು. ನನ್ನ ಪಾದವೇ ನನಗೆ ಕಾಣುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದಿರಬೇಕು. ಕಾಲಿಗೆ ಏನೋ ತಾಕಿತು. ನಾನು ಹಾಕಿದ ಚೀರಾಟಕ್ಕೆ ಹೆಂಗಸರೆಲ್ಲ ಸರಸರ ದಂಡೆ ಹತ್ತಿಬಿಟ್ಟರು. ತಾಕಿದ್ದು ನನ್ನದೇ ಸೀರೆಯ ಸೆರಗು. ಆಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಆ ಒಂದು ಕ್ಷಣ ಅವರ ಮುಖಗಳಲ್ಲಿ ಇದ್ದದ್ದನ್ನು ನಾನು ನೋಡಿದ್ದೆ. ದಿನಾಲೂ ಇಳಿಯುತ್ತಾರೆ ನಿಜ, ದಿನಾಲೂ ಹೆದರಿಕೊಂಡೇ ಇಳಿಯುತ್ತಾರೆ.

ನನ್ನನ್ನು ದಂಡೆಯ ಮೇಲೆ ಮರಿ ಆರಿಸಲು ಕೂರಿಸಿದರು. ಬಿಳಿ ತಟ್ಟೆಯಲ್ಲಿ ನೀರು, ನೀರಿನಲ್ಲಿ ಬಲೆಗೆ ಸಿಕ್ಕದ್ದೆಲ್ಲ. ಸಿಗಡಿ ಸಾಕುವವರಿಗೆ ಮಾರಲು ಬೇಕಾದ ಮರಿ ಕಂದು ದಾರದ ತುಣುಕಿನಷ್ಟು ಇರುತ್ತದೆ. ಒಂದು ಚಿಪ್ಪಿನಿಂದ ಅದನ್ನು ಎತ್ತಿ ಬೋಗುಣಿಗೆ ಹಾಕಬೇಕು. ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು ನನ್ನದು, ಬೇಗ ಕಲಿತೆ. ಒಂದು ತಟ್ಟೆಗೆ ಮೂರು ಸಿಕ್ಕರೆ ಹೆಚ್ಚು. ಉಳಿದದ್ದು ಗಾಜಿನಂಥ ಮೀನಿನ ಮರಿ, ಎಳ್ಳಿನಷ್ಟು ಏಡಿ, ಹೆಸರೇ ಗೊತ್ತಿಲ್ಲದ ಏನೇನೋ. ಪಕ್ಕದ ಹೆಂಗಸು ತನ್ನ ತಟ್ಟೆಯನ್ನು ಹಾಗೇ ಕೆಸರಿಗೆ ಬಗ್ಗಿಸಿದಳು. ಕಾಗೆಗಳು ಇಳಿದವು. ಎದುರು ದಂಡೆಯ ಬೇಲಿಯ ಆಚೆ ಒಂದು ಎಲೆ ಕಿತ್ತರೂ ತಪ್ಪು. ಇಲ್ಲಿ ನಾನು ನೋಡುತ್ತಿದ್ದಂತೆಯೇ ಸಾವಿರಾರು ಜೀವ ಕೆಸರಿನ ಮೇಲೆ ಒದ್ದಾಡಿ ಸತ್ತವು.

‘ನೀರಿಗೆ ವಾಪಸು ಬಿಡಬಾರದೇನು?’ ಎಂದು ಗೆಳತಿಯ ಬಾಯಿಂದ ಕೇಳಿಸಿದೆ.

‘ಕಾಡಿನ ಸಾಹೇಬ್ರೂ ಅದ ಹೇಳ್ತಾರಂತ. ದಣಿವಿಲ್ಲದ ದಿನ ಬಿಡ್ತೀನಿ, ದಣಿದಾಗ ಚೆಲ್ತೀನಿ ಅಂತಾಳ ಮಾಸಿ.’

ನನ್ನ ತಟ್ಟೆಯನ್ನು ನಾನು ನೀರಿನ ತನಕ ಒಯ್ದು ಬಿಟ್ಟೆ. ಅಷ್ಟರಲ್ಲಿ ಮುಕ್ಕಾಲುಪಾಲು ಸತ್ತಿದ್ದವು.

ದ್ವೀಪಕ್ಕೆ ಬಂದ ಐದನೆಯ ದಿನ ಹೊರಟೆವು. ನಮ್ಮ ಜೊತೆ ಬಂದುಬಿಡು ಎಂದು ಗೆಳತಿ ಕೈ ಹಿಡಿದು ಕೇಳಿದಳು. ಮಾಸಿ ಅವಳ ಕೆನ್ನೆ ತಟ್ಟಿ ಬಲೆಯ ಹಗ್ಗ ಎತ್ತಿಕೊಂಡರು. ರೈಲಿನಲ್ಲಿ ನಾವಿಬ್ಬರೂ ಒಂದು ನಿಶ್ಚಯ ಮಾಡಿಕೊಂಡೆವು. ನದಿಯ ಮಾತು ತಾಯಿಗೆ ಹೇಳುವುದು ಬೇಡ, ವಯಸ್ಸಾದ ಜೀವ ತಡೆಯಲಿಕ್ಕಿಲ್ಲ.

ಆ ನಿಶ್ಚಯ ಕ್ಯಾಂಪಿನ ಅಂಗಳ ದಾಟಲಿಲ್ಲ. ‘ಹ್ಯಾಂಗದಾಳ ನನ್ನ ತಂಗಿ?’ ಎಂದು ತಾಯಿ ಕೇಳಿದ ಕೂಡಲೇ ಗೆಳತಿ ಬಿಕ್ಕಿ ಬಿಕ್ಕಿ ಎಲ್ಲ ಹೇಳಿಬಿಟ್ಟಳು. ಮೊಸಳೆ, ಬಲೆ, ಕಾಲಿನ ಗುಳಿ, ಎಲ್ಲ. ತಾಯಿ ಎದೆ ಬಡಿದುಕೊಳ್ಳುತ್ತಾರೆಂದು ನಾನು ಅವರ ಪಕ್ಕಕ್ಕೆ ಸರಿದು ಕೂತೆ. ಅವರು ಅಲ್ಲಾಡಲಿಲ್ಲ.

‘ನಿಮ್ಮ ದೊಡ್ಡ ಮಾವ, ನಮ್ಮಣ್ಣ, ಜ್ವರ ಬಂದು ಸತ್ತ ಅಂತ ನಿಂಗ ಹೇಳಿದ್ನಲ್ಲ’ ಎಂದರು ಮಗಳಿಗೆ. ‘ಜ್ವರ ಅಲ್ಲ. ನಾನೂ ಅವನೂ ಅದ ದ್ವೀಪದಾಗ ಏಡಿ ಹಿಡಿಯಾಕ ನದಿಗೆ ಇಳದಿದ್ವಿ. ಅವನ ಕೈ ನನ್ನ ಕೈಯಾಗ ಇತ್ತು. ಮೊಸಳಿ ಜಗ್ಗಿದಾಗ ನಾ ಬಿಟ್ಟೆ. ಆಗ ನಿರಾಶ್ರಿತರನ್ನ ಎಲ್ಲೆಲ್ಲೋ ಕಳಸಾಕತ್ತಿದ್ರು. ನಮ್ಮಪ್ಪ ಸಾಹೇಬ್ರ ಕಾಲು ಹಿಡಕೊಂಡ. ಹೊಳಿ ಇಲ್ಲದ ಊರು ಕೊಡ್ರಿ ಅಂದ.’

ಗೆಳತಿಯ ಅಳು ಅಲ್ಲಿಗೇ ನಿಂತಿತು. ನಲವತ್ತನಾಲ್ಕು ವರ್ಷ ತಾಯಿಯ ಜೊತೆ ಒಂದೇ ಸೂರಿನ ಕೆಳಗೆ ಬದುಕಿದವಳು, ಯಾರೋ ಗೊತ್ತಿಲ್ಲದವರನ್ನು ನೋಡುವ ಹಾಗೆ ಅವರನ್ನು ನೋಡುತ್ತಿದ್ದಳು. ಹೊರಗೆ ಯಾರದೋ ಟ್ರ್ಯಾಕ್ಟರು ಗದ್ದೆಯ ಕಡೆ ಹೋಯಿತು.

ತಾಯಿ ಫೋನು ಕೊಡು ಎಂದರು. ತಂಗಿಯ ಜೊತೆ ಬಹಳ ಹೊತ್ತು ಮಾತಾಡಿದರು. ಬೈಯುತ್ತಿದ್ದಾರೆ ಎಂದುಕೊಂಡೆ, ಆದರೆ ದನಿ ಏರಲಿಲ್ಲ. ನಡುನಡುವೆ ಹೂಂ ಎನ್ನುತ್ತಿದ್ದರು.

‘ಏನಂತಾರ? ಇಳೀಬ್ಯಾಡ ಅಂತಾರೇನು?’ ಎಂದು ಪಿಸುಗುಟ್ಟಿದೆ.

ಗೆಳತಿ ತಲೆಯಾಡಿಸಿದಳು. ‘ಇಲ್ಲಕ್ಕಾ. ಯಾವ ಹೊತ್ತಿನಾಗ ಇಳೀತಿ, ದಂಡಿ ಮ್ಯಾಲ ಒಬ್ರು ಕಾವಲು ಇರ್ತಾರಿಲ್ಲ ಅಂತ ಕೇಳಾಕತ್ತಾಳ.’

ಮಾಸಿಗೆ ಈಗ ಮಳೆಗಾಲದ ಎರಡು ತಿಂಗಳು ಒಡ್ಡಿನ ಬುಡಕ್ಕೆ ಮಣ್ಣು ಹಿಡಿದಿಡುವ ಉಪ್ಪುನೀರಿನ ಸಸಿ ನೆಡುವ ಕೂಲಿ ಸಿಕ್ಕಿದೆ. ಉಳಿದ ತಿಂಗಳು ನದಿಗೇ ಇಳಿಯುತ್ತಾರೆ. ಅಕ್ಕತಂಗಿಯರು ಈಗ ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಮಾಸಿ ನೀರಿನಿಂದ ಮೇಲೆ ಬಂದೆ ಎಂದು ಹೇಳುವ ತನಕ ಇಲ್ಲಿ ಆ ತಾಯಿ ಉಣ್ಣುವುದಿಲ್ಲ. ಒಮ್ಮೊಮ್ಮೆ ಆ ಫೋನು ಬರಲು ಹೊತ್ತಾಗುತ್ತದೆ. ಆಗ ಗೆಳತಿ ಮಷೀನು ನಿಲ್ಲಿಸಿ ಕೂರುತ್ತಾಳೆ, ನಾನೂ ನಿಲ್ಲಿಸುತ್ತೇನೆ.