ಬಿರುಕು ನಿಂತಿದ್ದು ನಿಜ

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲ. ನನ್ನ ತಮ್ಮ ಕುಂದಾಣದ ಕಡೆಯಿಂದ ಅಲ್ಲಿಗೆ ಟಿಪ್ಪರ್‌ನಲ್ಲಿ ಮಣ್ಣು ಹೊಡೆಯುತ್ತಿದ್ದ. ನಾನು ದಿನಾ ಬಸ್ಸು ಹಿಡಿದು ಬೆಂಗಳೂರಿನ ಒಂದು ಲ್ಯಾಬಿಗೆ ಹೋಗುತ್ತಿದ್ದೆ. ಉಕ್ಕಿನ ಪಟ್ಟಿಯನ್ನು ಮತ್ತೆ ಮತ್ತೆ ಎಳೆದು ಬಿಟ್ಟು, ಅದರಲ್ಲಿ ಬಿರುಕು ಹೇಗೆ ಬೆಳೆಯುತ್ತದೆ ಎಂದು ನೋಡುವುದು ನನ್ನ ಕೆಲಸ. "ಸಂಬಳ ಕೊಟ್ಟು ಕಬ್ಬಿಣ ಮುರಿಸ್ತಾರಂತೆ" ಎಂದು ಅಪ್ಪ ಬಂದವರ ಮುಂದೆಲ್ಲ ನಗುತ್ತಿದ್ದರು.

ಆಯುಧಪೂಜೆಗೆ ಟಿಪ್ಪರ್ ತೊಳೆಯುವಾಗ ಗಾಡಿಯ ಭಾರವೆಲ್ಲ ಹೊರುವ ತಳದ ಚೌಕಟ್ಟಿನಲ್ಲಿ, ಅಂದರೆ ಚಾಸಿಯಲ್ಲಿ, ಕೂದಲೆಳೆಯಂಥ ಬಿರುಕು ಕಂಡಿತು. ಅದರ ತುದಿಗೆ ನನ್ನ ನೇಲ್ ಪಾಲಿಶ್‌ನಿಂದ ಗೆರೆ ಹಾಕಿದೆ. ಕೆಲವೇ ದಿನಗಳಲ್ಲಿ ಬಿರುಕು ಗೆರೆ ದಾಟಿತು. ಇನ್ನೊಂದು ಗೆರೆ ಹಾಕಿ, ಗಾಡಿ ನಿಲ್ಲಿಸಿ ರಿಪೇರಿ ಮಾಡಿಸು ಎಂದೆ. ತಮ್ಮ ಕೇಳಲಿಲ್ಲ. ಆ ವಾರವೇ ಒಂದು ದಿನ ಮಣ್ಣಿನ ಬದಲು ಪಾಯಕ್ಕೆ ಹಾಕುವ ಸೈಜುಕಲ್ಲನ್ನು ಕಂಠಮಟ್ಟ ತುಂಬಿಕೊಂಡು ಹೋದ. ವಿಚಿತ್ರವೆಂದರೆ, ಅದಾದ ಮೇಲೆ ಬಿರುಕು ಬಹಳ ದಿನ ಇದ್ದಲ್ಲೇ ಇತ್ತು.

"ನೋಡಕ್ಕ, ಭಾರ ಬಿದ್ದು ಗಟ್ಟಿಯಾಗ್ಬಿಟ್ಟೈತೆ!"

ಅವನು ಕಂಡಿದ್ದು ಸುಳ್ಳಲ್ಲ. ಒಮ್ಮೆ ಅತಿ ಭಾರ ಬಿದ್ದರೆ ಬಿರುಕಿನ ತುದಿಯ ಲೋಹ ಹಿಗ್ಗುತ್ತದೆ. ಭಾರ ಇಳಿದ ಮೇಲೆ ಸುತ್ತಲಿನ ಲೋಹ ಅದನ್ನು ಅದುಮಿ ಹಿಡಿಯುತ್ತದೆ, ಬಿರುಕು ನಿಧಾನವಾಗುತ್ತದೆ. ಅದುಮಿದ ಆ ಜಾಗ ದಾಟಿದ ಮೇಲೆ ಮತ್ತೆ ಓಡುತ್ತದೆ. ಎರಡನ್ನೂ ಲ್ಯಾಬಿನಲ್ಲಿ ನೋಡಿದ್ದೆ.

ಒಂದು ಭಾನುವಾರ ನೋಡಿದರೆ ಬಿರುಕು ಗೆರೆಯಾಚೆ ಬೆರಳುದ್ದ ಹೋಗಿತ್ತು. ಅವನು ಗಾಬರಿಯಾಗಲಿಲ್ಲ. "ನಾಳೆ ಇನ್ನೊಂದ್ಸಲ ಸೈಜುಕಲ್ಲು ತುಂಬ್ತೀನಿ ಬಿಡಕ್ಕ. ಮತ್ತೆ ನಿಂತ್ಕೊಳುತ್ತೆ."

ನನಗೆ ಮೈಯೆಲ್ಲ ಉರಿಯಿತು. "ಆವಾಗ ಕೂದಲಷ್ಟಿತ್ತು ಕಣೋ. ಈಗ ಉಳಿದಿರೋ ಕಬ್ಬಿಣ ಆ ಭಾರ ತಡೆಯಲ್ಲ. ರೋಡಲ್ಲಿ ಮುರಿದ್ರೆ ನಿನ್ನ ಹೆಣ ತರ್ಬೇಕಾಗುತ್ತೆ."

"ಹೋದ್ಸಲ ಏನಾಯ್ತು? ನಿಲ್ಲಲಿಲ್ವಾ?" ಎಂದು ಅಪ್ಪನೂ ಅವನ ಕಡೆ ಸೇರಿದರು.

ಮಾತು ಸಾಕೆನಿಸಿತು. ಸೋಮವಾರ ಬೆಳಿಗ್ಗೆ ಟಿಪ್ಪರ್‌ನ ಕೀ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಸಂಜೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಹೆಣ್ಮಕ್ಳಿಗೆ ಇಷ್ಟೊಂದು ಹಟ ಇರ್ಬಾರ್ದು."

"ಇರ್ಬೇಕಪ್ಪ" ಎಂದು ಒಳಗೆ ಹೋದೆ. ಚಾಸಿ ಬದಲಾಯಿಸುವವರೆಗೆ ಕೀ ಕೊಡಲೇ ಇಲ್ಲ. ಅಷ್ಟರಲ್ಲಿ ಅವನ ಕೆಲಸ ಬೇರೆ ಗಾಡಿಯವರ ಪಾಲಾಗಿತ್ತು.

ಈಗಲೂ ತಮ್ಮ ಊಟಕ್ಕೆ ಕೂತಾಗಲೆಲ್ಲ ರೇಗುತ್ತಾನೆ: "ಅವತ್ತು ಏನೂ ಆಗ್ತಿರ್ಲಿಲ್ಲ. ಸುಮ್ನೆ ನನ್ನ ಕೆಲ್ಸ ಕಳೆದೆ." ನಾನು ವಾದಿಸುವುದಿಲ್ಲ. ಬೈಯಲಿ. ನನ್ನೆದುರು ಕೂತು, ಮುದ್ದೆ ಮುರಿಯುತ್ತಾ, ಸಾಯೋವರೆಗೂ ಬೈಯಲಿ.